ಮರಣದ ದಫ್ತರ ಮತ್ತು ಮನುಷ್ಯನ ಕಸುಬು

ಸಾವನ್ನು ಕುರಿತು ಕನ್ನಡದಲ್ಲಿರುವಷ್ಟು ಮಾತುಗಳು ಬೇರಾವ ಸಂಗತಿಯನ್ನು ಕುರಿತೂ ಇಲ್ಲವೇನೋ ಎಂದು ನನಗೆ ಅನೇಕ ಸಲ ಅನ್ನಿಸಿದೆ. ಅರಸು ದಿವಂಗತನಾಗುತ್ತಾನೆ, ಮಠದ ಸ್ವಾಮಿಗಳು ಲಿಂಗೈಕ್ಯರಾಗುತ್ತಾರೆ, ಯತಿಗಳು ಬೃಂದಾವನಸ್ಥರಾಗುತ್ತಾರೆ, ಕಾಳಗದಲ್ಲಿ ಬಿದ್ದವನು ವೀರಸ್ವರ್ಗವನ್ನೇರುತ್ತಾನೆ, ಮನೆಯ ಹಿರಿಯರು ತೀರಿಕೊಳ್ಳುತ್ತಾರೆ, ಇಲ್ಲವೆ ಶಿವಾಧೀನರಾಗುತ್ತಾರೆ. ಕೂಲಿಯವನು ಮಾತ್ರ ಸಾಯುತ್ತಾನೆ. ಈ ಮಾತುಗಳೆಲ್ಲ ಸತ್ತವನ ಅಂತಸ್ತನ್ನು, ಮತವನ್ನು, ಉಳಿದವರಿಗೆ ಅವನ ಮೇಲಿದ್ದ ಗೌರವವನ್ನು ಹೇಳುತ್ತವೆ. ಏತರಿಂದ ಸತ್ತನೆಂಬುದನ್ನು ಇವುಗಳಲ್ಲಿ ಬಹುಪಾಲು ಹೇಳುವುದಿಲ್ಲ.

ಪ್ರಕೃತ ಭಾಷಣದಲ್ಲಿ ನಾನು ಹೇಳಹೊರಟಿರುವುದು ಇಷ್ಟು: ಮನುಷ್ಯ ಬದುಕಿಗಾಗಿ ಹಿಡಿದ ಕಸುಬು ಅವನ ಸಾವಿನ ಬಗೆಯನ್ನೂ ಬಹುಮಟ್ಟಿಗೆ ಗೊತ್ತುಮಾಡುತ್ತದೆ, ಆದರೆ ಸಾವನ್ನು ಬರೆದಿಡುವವರ ಲೇಖನಿಗೆ ಆ ಕಸುಬು ಬಹುಕಾಲ ಕಾಣಲೇ ಇಲ್ಲ. ಅದು ಯಾವಾಗ ಕಂಡಿತು, ಏಕೆ ಕಂಡಿತು ಎಂಬುದು ಚರಿತ್ರೆಯ ಪ್ರಶ್ನೆ. ನನ್ನ ಊರಾದ ಮುರಗೋಡವನ್ನೂ ಅದರ ಸುತ್ತಲಿನ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸೀಮೆಯನ್ನೂ ಕಣ್ಣಮುಂದೆ ಇಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬೇಕೆಂದು ಮಾಡಿದ್ದೇನೆ.

ಕನ್ನಡಿಗರು ಸಾವಿನ ಕಾರಣವನ್ನು ಮೊದಲು ಬರೆದದ್ದು ಕಲ್ಲಿನ ಮೇಲೆ. ತುರುಗೋಳು, ಊರಳಿವು, ಪೆಣ್ಬುಯ್ಯಲ್ ಎಂಬ ಮಾತುಗಳು ವೀರಗಲ್ಲುಗಳನ್ನು ಓದಿದವರಿಗೆ ಪರಿಚಿತವಾದವು. ದನಗಳನ್ನು ಹೊಡೆದುಕೊಂಡು ಹೋಗುವವರನ್ನು ಅಡ್ಡಗಟ್ಟಿ ಸತ್ತವನು, ಊರು ಸೂರೆಯಾಗುವಾಗ ಕಾದಿ ಸತ್ತವನು, ಹೆಂಗಸರ ಮಾನ ಕಾಯಲು ಹೋಗಿ ಸತ್ತವನು, ಹುಲಿಯೊಡನೆ ಸೆಣಸಿ ಸತ್ತವನು, ಹೀಗೆ ಅಲ್ಲಿ ಕಾರಣ ನಿಚ್ಚಳವಾಗಿರುತ್ತದೆ. ಹತ್ತನೆಯ ಶತಮಾನದ ಆತಕೂರಿನ ಶಾಸನವಂತೂ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಯನ್ನು ಕೂಡ ಮರೆತಿಲ್ಲ. ಜೈನರ ನಿಸಿದಿಗಲ್ಲುಗಳು ಸನ್ಯಸನ ವಿಧಿಯಿಂದ ಮುಡಿಪಿದವರ ಹೆಸರುಗಳನ್ನು ಹೇಳುತ್ತವೆ. 1057ರ ಬೆಳತೂರು ಶಾಸನದಲ್ಲಿ ದೇಕಬ್ಬೆ ಏಕೆ ಬೆಂಕಿಯನ್ನು ಹೊಕ್ಕಳೆಂಬುದರ ಹಿಂದುಮುಂದುಗಳೆಲ್ಲ ಬಂದಿವೆ.

ಇವು ನಮ್ಮ ಹೆಮ್ಮೆಯ ದಾಖಲೆಗಳು, ಸರಿ. ಆದರೆ ಕಲ್ಲಿಗೆ ತಕ್ಕ ಸಾವು ಯಾವುದೆಂಬುದನ್ನು ಕಲ್ಲು ನಿಲ್ಲಿಸುವವರು ಮೊದಲೇ ಗೊತ್ತುಮಾಡಿಕೊಂಡಿದ್ದರು. ಹೆರಿಗೆಯಲ್ಲಿ ಸತ್ತವಳಿಗೆ, ಬಾವಿ ತೋಡುವಾಗ ಮಣ್ಣು ಕುಸಿದು ಸತ್ತವನಿಗೆ, ಚಳಿಜ್ವರದಿಂದ ಸತ್ತ ಒಕ್ಕಲಿಗನಿಗೆ ಕಲ್ಲು ನಿಲ್ಲಿಸುವ ವಾಡಿಕೆ ಬೆಳೆಯಲಿಲ್ಲ. ಆ ವೀರಗಲ್ಲನ್ನು ಕಡೆದ ಕಲ್ಲುಕುಟಿಗನ ಎದೆಯೊಳಗೆ ಉಳಿಯ ಪ್ರತಿಯೊಂದು ಏಟಿಗೂ ಒಂದಿಷ್ಟು ಧೂಳು ಸೇರುತ್ತಿತ್ತು. ಅವನು ಇತರರ ಸಾವಿನ ಕಾರಣವನ್ನು ಕೆತ್ತುತ್ತ ತನ್ನ ಸಾವಿನ ಕಾರಣವನ್ನು ಉಸಿರಾಡುತ್ತಿದ್ದನೆಂದರೆ ಅತಿಶಯೋಕ್ತಿಯಾಗಲಾರದು.

ಹೊರಗಿನ ಜಗತ್ತಿನಲ್ಲಿ ಸಾವನ್ನು ಎಣಿಸುವ ವಿದ್ಯೆ ಹುಟ್ಟಿದ್ದು ಹದಿನೇಳನೆಯ ಶತಮಾನದಲ್ಲಿ. ಲಂಡನ್ನಿನ ಜಾನ್ ಗ್ರಾಂಟ್ ಎಂಬ ಬಟ್ಟೆಯ ವ್ಯಾಪಾರಿ ಆ ನಗರದ ವಾರವಾರದ ಮರಣಪಟ್ಟಿಗಳನ್ನು ಕಲೆಹಾಕಿ 1662ರಲ್ಲಿ ಒಂದು ಪುಸ್ತಕ ಬರೆದನು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಜ್ಜಿನಿ 1700ರಲ್ಲಿ ಕಸುಬುದಾರರ ರೋಗಗಳನ್ನು ಕುರಿತೇ ಒಂದು ಗ್ರಂಥವನ್ನು ರಚಿಸಿದನು. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳಲ್ಲಿ ‘ನಿನ್ನ ಕಸುಬು ಯಾವುದು’ ಎಂಬುದೂ ಸೇರಬೇಕೆಂದು ವೈದ್ಯರಿಗೆ ತಿಳಿಸಿದವನು ಅವನು. ಹತ್ತೊಂಬತ್ತನೆಯ ಶತಮಾನದ ನಡುವೆ ವಿಲಿಯಂ ಫಾರ್ ಎಂಬ ಅಧಿಕಾರಿ ಇಂಗ್ಲೆಂಡಿನಲ್ಲಿ ಕಸುಬುಗಳ ಪ್ರಕಾರ ಮರಣದ ಪ್ರಮಾಣವನ್ನು ಲೆಕ್ಕಹಾಕತೊಡಗಿದನು. ಅದೇ ಇಂಗ್ಲಿಷರ ಆಡಳಿತ ನಮ್ಮ ಕಡೆ ಬಂದಾಗ ಈ ವಿದ್ಯೆಯೂ ಬಂದಿತು. ಆದರೆ ಪೂರ್ತಿಯಾಗಿ ಬರಲಿಲ್ಲ.

ಅವರು ಮೊದಲು ಎಣಿಸಿದ್ದು ತಮ್ಮ ಸಿಪಾಯಿಗಳನ್ನು. 1824ರ ಅಕ್ಟೋಬರ್ 23ರಂದು ಕಿತ್ತೂರಿನಲ್ಲಿ ಕಲೆಕ್ಟರ್ ಥ್ಯಾಕರೆ ಬಿದ್ದುದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಆ ವರ್ಷದ ಡಿಸೆಂಬರದ ಎರಡನೆಯ ಕಾಳಗದಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋನ ಬಂಧುವೊಬ್ಬನೂ ಸತ್ತನು. ಆದರೆ ಸ್ವತಃ ಮನ್ರೋ 1827ರಲ್ಲಿ ಪತ್ತಿಕೊಂಡದಲ್ಲಿ ಸತ್ತದ್ದು ಕಾಲರಾದಿಂದ. ದಂಡಿನವರ ಪಾಲಿಗೂ ಶತ್ರುವಿನ ಗುಂಡಿಗಿಂತ ನೀರು ಗಾಳಿಗಳೇ ಹೆಚ್ಚು ಘಾತಕವಾಗಿದ್ದವು. 1863ರಲ್ಲಿ ಭಾರತದ ಸೈನ್ಯದ ಆರೋಗ್ಯವನ್ನು ಕುರಿತ ರಾಜ ಆಯೋಗ ಕೊಟ್ಟ ವರದಿಯ ಪ್ರಕಾರ ಇಲ್ಲಿದ್ದ ಬಿಳಿಯ ಸಿಪಾಯಿಗಳಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಜನ ಸಾಯುತ್ತಿದ್ದರು. ಯುದ್ಧದಲ್ಲಿ ಬಿದ್ದವರ ಪಾಲು ಅದರಲ್ಲಿ ತೀರ ಅಲ್ಪ. ಬಚ್ಚಲು, ಬಾವಿ, ಬರಾಕುಗಳನ್ನು ಸುಧಾರಿಸಿದ ಮೇಲೆ ಹತ್ತು ವರ್ಷಗಳಲ್ಲಿ ಆ ಸಂಖ್ಯೆ 18ಕ್ಕೆ ಇಳಿಯಿತೆಂದು ಫ್ಲಾರೆನ್ಸ್ ನೈಟಿಂಗೇಲ್ ಬರೆದಳು. ಸಿಪಾಯಿಯನ್ನು ಹಡಗಿನಲ್ಲಿ ತರುವುದಕ್ಕೆ ಹಣ ಬೀಳುತ್ತಿತ್ತು. ಅವನು ಸತ್ತರೆ ಸರಕಾರಕ್ಕೆ ಲುಕ್ಸಾನು. ಆದ್ದರಿಂದ ಲೆಕ್ಕ ಬಂತು. ಲೆಕ್ಕದಿಂದ ಉಪಾಯವೂ ಹೊಳೆಯಿತು. ಬೆಳಗಾವಿಯ ದಂಡಿನ ಪ್ರದೇಶದಲ್ಲಿ ಅಡ್ಡಾಡುವಾಗ ಆ ವಿಶಾಲವಾದ ಬಯಲುಗಳೂ ಎತ್ತರದ ಮಾಡುಗಳೂ ನನಗೆ ಈ ಲೆಕ್ಕವನ್ನು ನೆನಪಿಗೆ ತರುತ್ತವೆ.

ಇನ್ನು ರಯತರ ಸಾವು. ಮುಂಬಯಿ ಇಲಾಖೆಯಲ್ಲಿ ಅರವತ್ತರ ದಶಕದಲ್ಲಿ ಆರೋಗ್ಯ ಕಮಿಶನರ ಎಂಬ ಅಧಿಕಾರಿ ಬಂದನು. ಹಳ್ಳಿಹಳ್ಳಿಯ ಸಾವುಗಳು ಕಾಗದಕ್ಕೆ ಏರತೊಡಗಿದವು. ಮುರಗೋಡ ಆಗ ಪರಸಗಡ ತಾಲೂಕಿನ ಊರು, ಕಚೇರಿ ಸವದತ್ತಿಯಲ್ಲಿ. ಸತ್ತ ಸುದ್ದಿಯನ್ನು ಪೋಲೀಸ ಪಾಟೀಲನಿಗೆ ತಿಳಿಸಬೇಕು, ಅದು ಚಾವಡಿಯ ದಫ್ತರದಲ್ಲಿ ಏರಬೇಕು, ತಿಂಗಳಿಗೊಮ್ಮೆ ಗೋಷವಾರೆ ಮಾಮಲೇದಾರನ ಕಚೇರಿಗೆ ಹೋಗಬೇಕು. ಕಾರಣಗಳಿಗೆ ಕಾಲರಾ, ದೇವಿ, ಜ್ವರ, ಆಮಶಂಕೆ-ಭೇದಿ, ಅಪಘಾತ, ಇತರ ಎಂದು ಮನೆಗಳನ್ನು ಹಾಕಿ ಕೊಟ್ಟಿದ್ದರು. ಹಾವು ಕಡಿದವರೂ ಆತ್ಮಹತ್ಯೆ ಮಾಡಿಕೊಂಡವರೂ ಅಪಘಾತದ ಮನೆಯೊಳಗೇ ಬರುತ್ತಿದ್ದರು.

ಬರೆಯುವವರು ವೈದ್ಯರಲ್ಲ. ಮೈ ಬಿಸಿಯಾಗಿತ್ತೆಂದು ಮನೆಯವರು ಹೇಳಿದರೆ ಅದು ಜ್ವರ. ಮಲೇರಿಯಾ ಜ್ವರ, ವಿಷಮಶೀತವೂ ಜ್ವರ, ಫುಪ್ಪುಸದ ಉರಿಯೂತವೂ ಜ್ವರ, ಕ್ಷಯದ ಕೊನೆಯ ದಿನಗಳೂ ಜ್ವರ, ಬಾಣಂತಿಯ ನಂಜೂ ಜ್ವರ. ಬ್ರಿಟಿಷ್ ಭಾರತದ ಮರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಈ ಒಂದೇ ಮನೆಯಲ್ಲಿ ಸೇರಿಬಿಟ್ಟವು. ವಾರ್ಷಿಕ ವರದಿಗಳನ್ನು ತೆರೆದರೆ ಗಂಡು-ಹೆಣ್ಣು, ವಯಸ್ಸು, ಮತ, ತಿಂಗಳು ಎಂದು ಕೋಷ್ಟಕಗಳ ಮೇಲೆ ಕೋಷ್ಟಕಗಳಿವೆ. ಆದರೆ ನೇಕಾರನೆಷ್ಟು ಸತ್ತ, ಕಂಬಾರನೆಷ್ಟು ಸತ್ತ, ಆಳುಮಗನೆಷ್ಟು ಸತ್ತ ಎಂಬ ಕೋಷ್ಟಕವನ್ನು ಅಲ್ಲಿ ಹುಡುಕಬೇಡಿ. ಜಾತಿಯಿಂದ ಕಸುಬನ್ನು ಊಹಿಸಬಹುದಲ್ಲ ಎಂದು ಯಾರಾದರೂ ಕೇಳಬಹುದು. ನಮ್ಮ ಕಡೆ ಮಗ್ಗ ಹಿಡಿದವರು ಒಂದೇ ಜಾತಿಯವರಲ್ಲ. ನೇಕಾರ ಜಾತಿಯಲ್ಲಿ ಹುಟ್ಟಿದವರೆಲ್ಲ ಮಗ್ಗಕ್ಕೆ ಕುಳಿತವರೂ ಅಲ್ಲ.

ಈ ಬಿಟ್ಟುಹೋದ ಕೋಷ್ಟಕದ ಬೆಲೆ ಏನೆಂಬುದು 1876ರಲ್ಲಿ ಗೊತ್ತಾಯಿತು. ಧಾತು ಸಂವತ್ಸರದ ಮಳೆ ಹೋಯಿತು. ಅದಕ್ಕೆ ಮೊದಲು 1791-92ರಲ್ಲಿ ನಮ್ಮ ಸೀಮೆ ಕಂಡ ಬರವನ್ನು ಜನ ‘ಡೋಗಿ ಬರ’ ಎಂದು ಕರೆದಿದ್ದರು, ತಲೆಬುರುಡೆಗಳ ಬರ. ಈಗ ಬಂದದ್ದು ಅದರ ತಮ್ಮ. 1872ರ ಖಾನೇಷುಮಾರಿಗೂ 1881ರ ಖಾನೇಷುಮಾರಿಗೂ ನಡುವೆ ಬೆಳಗಾವಿ ಜಿಲ್ಲೆಯ ಜನಸಂಖ್ಯೆ ನೂರಕ್ಕೆ ಏಳೆಂಟರಷ್ಟು ಇಳಿಯಿತು. ಸುಮಾರು 9 ಲಕ್ಷ 40 ಸಾವಿರವಿದ್ದದ್ದು 8 ಲಕ್ಷ 65 ಸಾವಿರದ ಸುತ್ತ ಬಂದು ನಿಂತಿತು. ಹುಟ್ಟಬೇಕಾಗಿದ್ದವರ ಲೆಕ್ಕ ಇದರಲ್ಲಿಲ್ಲ.

ಬರಗಾಲದಲ್ಲಿ ಮೊದಲು ಸಾಯುವವನು ಹೊಲವಿದ್ದವನೆಂದು ಊರ ಹೊರಗಿನವರು ತಿಳಿಯುತ್ತಾರೆ. ಹಾಗಲ್ಲ. ಹೊಲವಿದ್ದವನ ಹಗೇವಿನಲ್ಲಿ ಒಂದಿಷ್ಟು ಜೋಳ ಇರುತ್ತದೆ, ಸಾಲ ಹುಟ್ಟುತ್ತದೆ, ಎತ್ತು ಮಾರಬಹುದು. ಮುರಗೋಡ, ಬೈಲಹೊಂಗಲ, ದೇಶನೂರಿನ ಕೇರಿಗಳಲ್ಲಿ ಮಗ್ಗದ ಮುಂದೆ ಕುಳಿತವನ ಸ್ಥಿತಿ ಬೇರೆ. ಜೋಳದ ಬೆಲೆ ಏರಿದ ದಿನವೇ ಸೀರೆ ಕೊಳ್ಳುವವರು ಸಂತೆಯಿಂದ ಮಾಯವಾಗುತ್ತಾರೆ. ಅವನು ಕೊಳ್ಳುವ ವಸ್ತು ತುಟ್ಟಿ, ಮಾರುವ ವಸ್ತು ಅಗ್ಗ. ಎರಡೂ ಒಂದೇ ವಾರದಲ್ಲಿ. ವಿಲಾಯತಿ ಬಟ್ಟೆ ಅದಾಗಲೇ ಅವನ ಗಳಿಕೆಯನ್ನು ಕಚ್ಚಿ ತಿಂದಿತ್ತು. 1880ರ ಕ್ಷಾಮ ಆಯೋಗವೂ ನೇಕಾರರ ಸಂಕಟವನ್ನು ಪ್ರತ್ಯೇಕವಾಗಿ ಗಮನಿಸಿತು. ಪರಿಹಾರದ ಕೆಲಸವೆಂದರೆ ಕೆರೆ ತೋಡುವುದು, ರಸ್ತೆಗೆ ಕಲ್ಲು ಒಡೆಯುವುದು. ಲಾಳಿ ಎಸೆಯುವ ಕೈಗೆ ಹಾರೆ ಕೊಟ್ಟರು. ಅದರ ಮೇಲೆ 1877ರಲ್ಲಿ ರಿಚರ್ಡ್ ಟೆಂಪಲ್ಲನು ಕೂಲಿಯನ್ನು ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆ ಮತ್ತು ಒಂದಾಣೆಗೆ ಇಳಿಸಿದನು. ಮದ್ರಾಸಿನ ಆರೋಗ್ಯ ಕಮಿಶನರ ಕಾರ್ನಿಶ್ ಇದು ದುಡಿಯುವ ದೇಹಕ್ಕೆ ಸಾಲದೆಂದು ವಿರೋಧಿಸಿದನು. ಪುಣೆಯ ಸಾರ್ವಜನಿಕ ಸಭೆಯೂ ಪ್ರತಿಭಟಿಸಿತು.

ಈಗ ದಫ್ತರಕ್ಕೆ ಮರಳೋಣ. ಆ ಎರಡು ವರ್ಷ ಇಲ್ಲಿ ಸತ್ತವರೆಲ್ಲ ಏತರಿಂದ ಸತ್ತರು? ಜ್ವರದಿಂದ, ಭೇದಿಯಿಂದ, ಕಾಲರಾದಿಂದ. ಹಸಿವಿಗೆ ಮನೆ ಇರಲಿಲ್ಲ. ಹಸಿದ ದೇಹವನ್ನು ಕೊನೆಗೆ ಒಯ್ಯುವುದು ಯಾವುದೋ ಒಂದು ರೋಗವೇ, ಆದ್ದರಿಂದ ಬರೆದದ್ದು ಸುಳ್ಳೆನ್ನುವಂತಿಲ್ಲ. ಆದರೂ ಅದನ್ನು ಓದಿದವನಿಗೆ ನಾಡಿನಲ್ಲಿ ಔಷಧ ಸಾಲಲಿಲ್ಲವೆಂದು ತೋರುತ್ತದೆಯೇ ಹೊರತು ಕೂಳು ಸಾಲಲಿಲ್ಲವೆಂದು ತೋರುವುದಿಲ್ಲ. ಇಂಥ ನಿಜಗಳು ಸುಳ್ಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತವೆ.

1896ರಲ್ಲಿ ಮುಂಬಯಿಗೆ ಬಂದಿಳಿದ ಪ್ಲೇಗು ರೈಲಿನ ಹಾದಿ ಹಿಡಿದು ನಮ್ಮ ಕಡೆಗೂ ಬಂತು. 1898ರಲ್ಲಿ ಹುಬ್ಬಳ್ಳಿ ತತ್ತರಿಸಿತು. ಹಾಫ್‌ಕಿನ್ನನ ಲಸಿಕೆಯನ್ನು ಊರಿಗೆ ಊರೇ ಎಂಬಷ್ಟು ದೊಡ್ಡ ಪ್ರಮಾಣದಲ್ಲಿ ಚುಚ್ಚಿದ ಮೊದಲ ಪಟ್ಟಣಗಳಲ್ಲಿ ಅದೂ ಒಂದು. ಬೆಳಗಾವಿ ಜಿಲ್ಲೆಯ ಜನಸಂಖ್ಯೆ 1891ರಿಂದ 1901ರ ನಡುವೆ ಮತ್ತೆ ಇಳಿಯಿತು. ಮನೆಯಲ್ಲಿ ಇಲಿ ಬಿತ್ತೆಂದರೆ ಊರು ಬಿಡಬೇಕೆಂಬುದನ್ನು ಜನ ಬೇಗ ಕಲಿತರು. ಇಲಿಯ ಮೈಮೇಲಿನ ಚಿಗಟದಿಂದ ರೋಗ ಹರಡುತ್ತದೆಂಬುದನ್ನು ಪ್ಲೇಗು ಸಂಶೋಧನ ಆಯೋಗ 1905ರ ನಂತರದ ಪ್ರಯೋಗಗಳಿಂದ ಸಿದ್ಧಪಡಿಸುವುದಕ್ಕೆ ಮೊದಲೇ ಕಲಿತಿದ್ದರು. ಒಕ್ಕಲಿಗ ತನ್ನ ಹೊಲದಲ್ಲಿ ಗುಡಿಸಲು ಹಾಕಿದ. ಎತ್ತು, ಕೂರಿಗೆ, ರಂಟೆ ಎಲ್ಲವೂ ಅವನೊಡನೆ ಹೋಗಬಲ್ಲವು. ನೇಕಾರನ ಮಗ್ಗ ಮನೆಯ ನೆಲದಲ್ಲಿ ಕುಣಿ ತೋಡಿ ಹೂಡಿದ್ದು. ಹಾಸು ಹೂಡಿದ ಮಗ್ಗವನ್ನು ಹೊತ್ತು ಯಾರ ಹೊಲಕ್ಕೆ ಹೋಗಬೇಕು? ಧಾನ್ಯದ ಅಂಗಡಿಯವನಿಗೂ ಹೀಗೆಯೇ. ಅವನ ಚೀಲಗಳಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಅವನು. ರೋಗ ಎಲ್ಲರಿಗೂ ಒಂದೇ ಆದರೂ ಅದರಿಂದ ಓಡಿಹೋಗುವ ಅನುಕೂಲ ಕಸುಬಿಗೆ ತಕ್ಕಷ್ಟೇ ಇತ್ತು. ಪ್ಲೇಗಿಗೆ ದಫ್ತರದಲ್ಲಿ ಹೊಸ ಮನೆ ಹಾಕಿದರು. ಓಡಲಾರದ್ದಕ್ಕೆ ಹಾಕಲಿಲ್ಲ.

1918ರ ಇನ್‌ಫ್ಲುಯೆಂಜಾಕ್ಕೆ ಹೊಸ ಮನೆಯನ್ನೂ ಹಾಕಲಾಗಲಿಲ್ಲ. ಮರಾಠಿ ಸೀಮೆಯಲ್ಲಿ ಅದನ್ನು ‘ಮಾನಮೋಡಿ’ ಎಂದರು, ಕತ್ತು ಮುರಿಯುವ ರೋಗ. ಸೆಪ್ಟೆಂಬರದಿಂದ ಮೂರು ತಿಂಗಳಲ್ಲಿ ಮುಂಬಯಿ ಇಲಾಖೆಯೊಂದರಲ್ಲೇ ಹತ್ತು ಲಕ್ಷಕ್ಕೂ ಮೇಲೆ ಜನ ಹೋದರು. ಆ ಸಾವುಗಳೆಲ್ಲ ಹಳೆಯ ಜ್ವರದ ಮನೆಯಲ್ಲೇ ಏರಿದವು. ಹಿಂದಿನ ವರ್ಷಗಳ ಜ್ವರದ ಸಾವುಗಳನ್ನು ಕಳೆದು ಉಳಿದದ್ದು ಈ ಹೊಸ ರೋಗದ್ದೆಂದು ಲೆಕ್ಕ ಮಾಡಬೇಕಾಯಿತು. ಇಲ್ಲಿ ಇನ್ನೊಂದು ಸಂಗತಿಯಿದೆ. ಬರಗಾಲಗಳಲ್ಲಿ ಹೆಂಗಸರಿಗಿಂತ ಗಂಡಸರು ಹೆಚ್ಚು ಸತ್ತಿದ್ದರು. ಈ ಜ್ವರದಲ್ಲಿ ಹೆಂಗಸರು ಹೆಚ್ಚು ಸತ್ತರು, ಅದರಲ್ಲೂ ಇಪ್ಪತ್ತರಿಂದ ನಲವತ್ತರ ವಯಸ್ಸಿನವರು. ಮನೆಯ ಬೇನೆಯವರ ಬಾಯಿಗೆ ಗಂಜಿ ಹಾಕಿದವರು, ತಲೆಗೆ ತಣ್ಣೀರ ಬಟ್ಟೆ ಇಟ್ಟವರು, ತಾವು ಮಲಗಿದಾಗ ನೋಡುವವರಿಲ್ಲದವರು ಅವರೇ. ಶುಶ್ರೂಷೆಯನ್ನು ಕಸುಬೆಂದು ಯಾವ ಖಾನೇಷುಮಾರಿಯೂ ಮನೆಯೊಳಗೆ ಬಂದು ಬರೆದುಕೊಂಡಿರಲಿಲ್ಲ.

ಕನ್ನಡ ನಾಡಿನಲ್ಲಿ ಕಸುಬು ಮತ್ತು ಕಾರಣ ಒಂದೇ ಕಾಗದದ ಮೇಲೆ ಸ್ಪಷ್ಟವಾಗಿ ಕೂಡಿದ್ದನ್ನು ನೋಡಬೇಕಾದರೆ ನಮ್ಮ ಸೀಮೆಯನ್ನು ಬಿಟ್ಟು ಹಳೆಯ ಮೈಸೂರು ಸಂಸ್ಥಾನದ ಕೋಲಾರದ ಚಿನ್ನದ ಗಣಿಗಳಿಗೆ ಹೋಗಬೇಕು. ಜಾನ್ ಟೇಲರ್ ಕಂಪನಿಯವರು 1880ರಲ್ಲಿ ಅಲ್ಲಿ ಕೆಲಸ ಆರಂಭಿಸಿದರು. ಮೂರು ಕಿಲೋಮೀಟರಿಗೂ ಆಳವಾಗಿ ಇಳಿದ ಆ ಸುರಂಗಗಳಲ್ಲಿ ಬಂಡೆ ಸಿಡಿದು ಸತ್ತವರ ವಿಷಯದಲ್ಲಿ ಯಾರಿಗೂ ಸಂಶಯವಿರಲಿಲ್ಲ. ಅದು ಕಣ್ಣಿಗೆ ಕಾಣುವ ಸಾವು. ಆದರೆ ಕಲ್ಲಿನಲ್ಲಿ ಬೈರಿಗೆ ಕೊರೆದಾಗ ಏಳುವ ಸಣ್ಣ ಧೂಳು ಎದೆಯೊಳಗೆ ಹೋಗಿ ಹತ್ತು ಹದಿನೈದು ವರ್ಷ ಸುಮ್ಮನಿರುತ್ತದೆ. ಫುಪ್ಪುಸ ಗಂಟುಗಟ್ಟುತ್ತದೆ, ಮನುಷ್ಯ ನಾಲ್ಕು ಹೆಜ್ಜೆ ನಡೆದರೆ ಏದುತ್ತಾನೆ, ಅಂಥ ಫುಪ್ಪುಸವನ್ನು ಕ್ಷಯ ಸುಲಭವಾಗಿ ಹಿಡಿಯುತ್ತದೆ. ಆ ಹೊತ್ತಿಗೆ ಅವನು ಗಣಿಯ ಕೆಲಸ ಬಿಟ್ಟು ತನ್ನ ಹಳ್ಳಿ ಸೇರಿರುತ್ತಿದ್ದ. ಅಲ್ಲಿಯ ದಫ್ತರದಲ್ಲಿ ಅವನ ಸಾವು ಕ್ಷಯವೆಂದೋ ಜ್ವರವೆಂದೋ ಏರಿದರೆ ಗಣಿಗೂ ಅದಕ್ಕೂ ಸಂಬಂಧವೇ ಉಳಿಯುವುದಿಲ್ಲ.

ಸಿಲಿಕೋಸಿಸ್ ಎಂಬ ಈ ರೋಗವನ್ನು ಭಾರತದಲ್ಲಿ ಮೊದಲು ಗುರುತಿಸಿ ವರದಿ ಮಾಡಿದ್ದು ಕೋಲಾರದಿಂದಲೇ, 1934ರಲ್ಲಿ. 1940ರಲ್ಲಿ ಮೈಸೂರು ಸಂಸ್ಥಾನ ಇದಕ್ಕಾಗಿಯೇ ನಿಯಮಗಳನ್ನು ಮಾಡಿ, ರೋಗಿಗೆ ಪರಿಹಾರ ಸಲ್ಲಬೇಕೆಂದು ವಿಧಿಸಿತು. ಪರಿಹಾರ ಕೊಡಬೇಕಾದರೆ ಪರೀಕ್ಷೆ ಆಗಬೇಕು. ಎದೆಯ ಚಿತ್ರ ತೆಗೆಯಬೇಕು. ಎಷ್ಟು ವರ್ಷ ಯಾವ ಕೆಲಸ ಮಾಡಿದನೆಂದು ಬರೆಯಬೇಕು. 1940ರಿಂದ 1946ರ ವರೆಗೆ ಏಳೂವರೆ ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ಹೀಗೆ ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಲ್ಲಿ ಆ ರೋಗ ಕಂಡಿತು. ಹಿಂದೆ ಹೆಸರಿಲ್ಲದ ಕೆಮ್ಮಾಗಿದ್ದದ್ದು ನಾಡಿನ ಅತ್ಯಂತ ದೊಡ್ಡ ಕಸುಬಿನ ರೋಗವಾಗಿ ನಿಂತಿತು. ರೋಗ ಒಮ್ಮೆಲೇ ಹುಟ್ಟಲಿಲ್ಲ. ಅದಕ್ಕೆ ಹಣ ತೆರಬೇಕಾದವನೊಬ್ಬನು ಹುಟ್ಟಿದನು. ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಎದೆಯಲ್ಲಿ ಸೇರಿದ ಧೂಳಿಗೆ ಗಣಿ ಮುಚ್ಚಿದ್ದು ತಿಳಿಯುವುದಿಲ್ಲ.

ನಮ್ಮ ಕಡೆ ಇದಕ್ಕೆ ಹೋಲಿಸಬಹುದಾದದ್ದು ಹತ್ತಿಯ ಧೂಳು. ಗೋಕಾಕ ಫಾಲ್ಸಿನ ಗಿರಣಿ 1887ರ ಕಾಲದ್ದು. ಬೈಲಹೊಂಗಲ, ಸವದತ್ತಿಗಳ ಕರಿಯ ನೆಲ ಹತ್ತಿಯ ನೆಲ. ಹತ್ತಿಯ ಧೂಳಿನಲ್ಲಿ ದುಡಿಯುವವರಿಗೆ ರಜೆಯ ಮರುದಿನ ಎದೆ ಬಿಗಿಯುತ್ತದೆ, ವಾರ ಕಳೆದಂತೆ ಸಡಿಲಾಗುತ್ತದೆ. ವರ್ಷಗಳು ಕಳೆದಂತೆ ಸಡಿಲಾಗುವುದನ್ನು ಬಿಡುತ್ತದೆ. ಬಿಸಿನೋಸಿಸ್ ಎಂಬ ಆ ರೋಗ ಪರಿಹಾರ ಕಾಯಿದೆಯ ಪಟ್ಟಿಯಲ್ಲಿದೆ. ಆದರೆ ಗಿರಣಿಯ ಹಾಜರಿಪಟ್ಟಿಯಲ್ಲಿ ಹೆಸರಿದ್ದವನಿಗೆ ಅದು ದೊರೆಯುವಷ್ಟು ಸುಲಭವಾಗಿ ಮನೆಯಲ್ಲಿ ಕುಳಿತು ಹತ್ತಿ ಹಿಂಜಿದವನಿಗೆ, ನೂಲು ಸುತ್ತಿದವಳಿಗೆ ದೊರೆಯಲಾರದು. ತೆರಬೇಕಾದ ಧಣಿ ಯಾರೆಂದು ಅವರು ತೋರಿಸಬೇಕು.

ನಾಚಿಕೆಯೂ ಕಾರಣವನ್ನು ಮುಚ್ಚುತ್ತದೆ. ಸವದತ್ತಿಯ ಎಲ್ಲಮ್ಮನ ಹೆಸರಿನಲ್ಲಿ ಹೆಣ್ಣುಮಕ್ಕಳನ್ನು ಬಿಡುವ ಪದ್ಧತಿಯನ್ನು ಕರ್ನಾಟಕ 1982ರ ಕಾಯಿದೆಯಿಂದ ನಿಷೇಧಿಸಿತು. ತೊಂಬತ್ತರ ದಶಕದಲ್ಲಿ ಎಚ್‌ಐವಿ ಬಂದಾಗ ಆ ಮನೆಗಳಲ್ಲಿ ಸಾವುಗಳಾದವು. ನೆರೆಹೊರೆಯವರು ಅವನ್ನು ಕ್ಷಯವೆಂದರು, ಸೊರಗಿ ಹೋದಳೆಂದರು. ಗುಟ್ಟು ಉಳಿದವರ ಮದುವೆ ಮುಂಜಿಗಳಿಗಾಗಿ ಬೇಕಾಗಿತ್ತು. ನಾನು ಅದನ್ನು ತಪ್ಪೆನ್ನಲಾರೆ.

ಇದಕ್ಕೆ ವಿರುದ್ಧವಾದ ನೋಟವನ್ನು 2021ರಲ್ಲಿ ಕಂಡೆವು. ಕೋವಿಡದಿಂದ ಸತ್ತವರ ಕುಟುಂಬಕ್ಕೆ 50,000 ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದಾಗ, ಮೊದಲು ಆ ಹೆಸರನ್ನು ಬಾಯಲ್ಲಿ ಆಡಲು ಹೆದರುತ್ತಿದ್ದ ಮನೆಗಳವರೂ ಪ್ರಮಾಣಪತ್ರದಲ್ಲಿ ಅದೇ ಹೆಸರು ಬೇಕೆಂದು ಕಚೇರಿಗಳಿಗೆ ಅಲೆದರು. ರೈತರ ಆತ್ಮಹತ್ಯೆಯ ಮಾತೂ ಹೀಗೆಯೇ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 1995ರಿಂದ ಆತ್ಮಹತ್ಯೆಗಳಲ್ಲಿ ಬೇಸಾಯಗಾರರನ್ನು ಬೇರೆಯಾಗಿ ತೋರಿಸಿತು. 2014ರ ಲೆಕ್ಕದಿಂದ ಸಾಗುವಳಿದಾರ ಬೇರೆ, ಕೃಷಿಕೂಲಿ ಬೇರೆ ಎಂದು ವಿಂಗಡಿಸಿತು. ಕರ್ನಾಟಕದಲ್ಲಿ ಡಾ. ಜಿ. ಕೆ. ವೀರೇಶ ಸಮಿತಿ 2002ರಲ್ಲಿ ಈ ಕುರಿತು ವರದಿ ಕೊಟ್ಟಿತು. ಪರಿಹಾರ ಬಂದ ಮೇಲೆ ಸತ್ತವನು ರೈತನೇ ಎಂಬ ಪ್ರಶ್ನೆ ಉತಾರದ ಮುಂದೆ ಬಂದು ನಿಲ್ಲುತ್ತದೆ. ಉತಾರದಲ್ಲಿ ಅಪ್ಪನ ಹೆಸರಿದ್ದರೆ ಉಳುತ್ತಿದ್ದ ಮಗ ಏನು? ಗಂಡನ ಹೆಸರಿದ್ದರೆ ಕಳೆ ಕಿತ್ತು ಹತ್ತಿ ಬಿಡಿಸುತ್ತಿದ್ದ ಹೆಂಡತಿ ಏನು?

1969ರ ಜನನ ಮರಣ ನೋಂದಣಿ ಕಾಯಿದೆಯ ಪ್ರಕಾರ ತುಂಬುವ ಮರಣ ವರದಿಯಲ್ಲಿ ಈಗ ಕಸುಬಿಗೂ ಒಂದು ಮನೆ ಇದೆ. ರೋಗದ ಹೆಸರು, ವೈದ್ಯರು ದೃಢೀಕರಿಸಿದರೇ, ಹೆಂಗಸಾದರೆ ಬಸುರಿ ಬಾಣಂತನದಲ್ಲಿ ಸತ್ತಳೇ, ತಂಬಾಕಿನ ಚಟವಿತ್ತೇ ಎಂದೆಲ್ಲ ಕೇಳಿರುತ್ತಾರೆ. ರಾಮಜ್ಜಿನಿಯ ಪ್ರಶ್ನೆ ಮುರಗೋಡಕ್ಕೆ ಬಂದು ಮುಟ್ಟಿದಂತಾಯಿತು. ದೇಶದಲ್ಲಿ ನೋಂದಣಿಯಾಗುವ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸುವುದು 2020ರಲ್ಲಿ ನೂರಕ್ಕೆ ಇಪ್ಪತ್ತೆರಡರ ಸುತ್ತ ಇತ್ತು. ಇನ್ನು ಕಸುಬಿನ ಮನೆಯನ್ನು ತುಂಬಿಸುವವರು ಸತ್ತ ಮೂರನೆಯ ದಿನ ಅವಸರದಲ್ಲಿ ಬಂದ ಮಗನೋ ಅಳಿಯನೋ ಆಗಿರುತ್ತಾರೆ. ಗಂಡಸಾದರೆ ‘ಕೃಷಿ’ ಎಂದು ಬರೆಸುತ್ತಾರೆ. ಏಳನೆಯ ವರ್ಷದಿಂದ ಎಪ್ಪತ್ತನೆಯ ವರ್ಷದ ವರೆಗೆ ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತಿದ ನಮ್ಮ ಕೇರಿಯ ಮುದುಕಿಯರಿಗೆ ‘ಮನೆಗೆಲಸ’ ಎಂದು ಬರೆಸುತ್ತಾರೆ. ಕಾರಣದ ಮನೆಯಲ್ಲಿ ‘ವೃದ್ಧಾಪ್ಯ, ಕೆಮ್ಮು’.